ಇಪ್ಪತ್ತು ನಿಮಿಷ ಟ್ಯೂಬ್ ಅಲ್ಲಾಡಿಸಬಾರದು

ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತಿದ್ದೇನೆ ಅಂದರೆ ನಮ್ಮ ನೆಂಟರಲ್ಲಿ ಅರ್ಧ ಜನಕ್ಕೆ ಅರ್ಥವೇ ಆಗುವುದಿಲ್ಲ. "ಅಂದ್ರೆ ಹಾರ್ಟಾ, ಕಿಡ್ನಿನಾ?" ಅಂತ ಕೇಳುತ್ತಾರೆ. "ಕ್ಯಾಶುವಾಲ್ಟಿ" ಅಂದರೆ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಅವರದ್ದೇನೂ ತಪ್ಪಿಲ್ಲ. ನಮ್ಮ ದೇಶದಲ್ಲಿ ಇದನ್ನು ಪ್ರತ್ಯೇಕ ವಿಷಯ ಅಂತ ವೈದ್ಯಕೀಯ ಮಂಡಳಿ ಒಪ್ಪಿಕೊಂಡಿದ್ದೇ 2009ರಲ್ಲಿ. ಅದಕ್ಕೂ ಮೊದಲು ಕ್ಯಾಶುವಾಲ್ಟಿ ಅಂದರೆ ಒಬ್ಬ ಡ್ಯೂಟಿ ಡಾಕ್ಟರ್, ಪೊಲೀಸರಿಗೆ ತಿಳಿಸಬೇಕಾದ ಕೇಸುಗಳನ್ನು ಬರೆಯುವ ಒಂದು ದಪ್ಪನೆಯ ಎಂಎಲ್‌ಸಿ ರಿಜಿಸ್ಟರ್, ಒಂದು ಫೋನ್. ಬಂದವರನ್ನು ನೋಡಿ, ಮೆಡಿಸಿನ್ನೋ ಸರ್ಜರಿಯೋ ಆರ್ಥೋನೋ ಅಂತ ವಿಂಗಡಿಸಿ, ಆಯಾ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿದರೆ ಮುಗಿಯಿತು. ಈಗಲೂ ಬೇರೆ ಡಿಪಾರ್ಟ್‌ಮೆಂಟಿನ ಕೆಲವು ಪಿಜಿಗಳು, ಅಂದರೆ ನಮ್ಮ ಹಾಗೇ ಸ್ನಾತಕೋತ್ತರ ಓದುತ್ತಿರುವ ಡಾಕ್ಟರುಗಳು, ನಮ್ಮನ್ನು ರಿಸೆಪ್ಷನ್ ಅಂತ ರೇಗಿಸುತ್ತಾರೆ. ರಾತ್ರಿ ಎರಡು ಗಂಟೆಗೆ ಅವರ ವಾರ್ಡಿನಲ್ಲಿ ಯಾರಿಗೋ ಉಸಿರು ಕಟ್ಟಿದಾಗ ಮಾತ್ರ ರಿಸೆಪ್ಷನ್ನಿನ ನೆನಪಾಗುತ್ತದೆ. ಇರಲಿ.

ಬೆಂಗಳೂರಿನ ಒಂದು ಟೀಚಿಂಗ್ ಆಸ್ಪತ್ರೆಯಲ್ಲಿ ನಾನೀಗ ಕೊನೆಯ ವರ್ಷದ ಪಿಜಿ. ಸೀಟು ಆರಿಸುವಾಗ ನನಗೂ ಇದರಲ್ಲಿ ಇಷ್ಟವಾಗಿದ್ದು ಓಟವೇ. ಸ್ಟ್ರೆಚರ್ ಒಳಗೆ ನುಗ್ಗಬೇಕು, ನಾಲ್ಕು ಜನ ಸುತ್ತುವರಿಯಬೇಕು, ಟಕಟಕ ಅಂತ ಕೆಲಸ ಆಗಬೇಕು. ಅದೂ ಇದೆ, ಇಲ್ಲ ಅನ್ನುವುದಿಲ್ಲ. ಎದೆ ಒತ್ತುವುದು, ಗಂಟಲಿಗೆ ಟ್ಯೂಬ್ ಹಾಕುವುದು, ಶ್ವಾಸಕೋಶದ ಸುತ್ತ ತುಂಬಿದ ಗಾಳಿಯನ್ನು ಸೂಜಿಯಿಂದ ಹೊರಗೆ ಬಿಡುವುದು, ಇವೆಲ್ಲ ನಿಮಿಷದ ಲೆಕ್ಕದ ಕೆಲಸಗಳು. ಆದರೆ ಅವು ಬೇಗ ಕೈಗೆ ಹತ್ತುತ್ತವೆ. ಮೊದಲ ವರ್ಷ ಮುಗಿಯುವಷ್ಟರಲ್ಲಿ ಬಹುತೇಕ ಎಲ್ಲರಿಗೂ ಬರುತ್ತವೆ. ಯಾರನ್ನು ಮನೆಗೆ ಕಳಿಸಬಾರದು, ಯಾರ ಮೇಲೆ ಎಷ್ಟು ಹೊತ್ತು ಕಣ್ಣಿಟ್ಟಿರಬೇಕು, ಯಾವಾಗ ಕೈ ಕಟ್ಟಿ ನಿಲ್ಲಬೇಕು ಅನ್ನುವುದು ಮಾತ್ರ ಬೇಗ ಬರಲಿಲ್ಲ. ಮೂರು ವರ್ಷದಲ್ಲಿ ನಾನು ಜಾಸ್ತಿ ಕಲಿತದ್ದು ಕಾಯುವುದನ್ನೇ. ತುರ್ತು ಚಿಕಿತ್ಸೆಯವಳು ಹೀಗೆ ಹೇಳಿದರೆ ಕೇಳುವವರಿಗೆ ತಮಾಷೆ ಅನ್ನಿಸಬಹುದು.

ಎದೆನೋವಿನಿಂದಲೇ ಶುರು ಮಾಡುತ್ತೇನೆ. ನಮ್ಮ ಜನಕ್ಕೆ ಎದೆನೋವು ಬರುವುದೇ ಇಲ್ಲ, ಎಲ್ಲರಿಗೂ ಬರುವುದು ಗ್ಯಾಸ್ಟ್ರಿಕ್. ರಾತ್ರಿ ಊಟ ಆದಮೇಲೆ ಎದೆ ಭಾರ ಅನ್ನಿಸಿತು, ಜೀರಿಗೆ ನೀರು ಕುಡಿದರು, ಸೋಡಾ ಕುಡಿದರು, ಮೆಡಿಕಲ್ ಶಾಪಿನಿಂದ ಗ್ಯಾಸ್ ಮಾತ್ರೆ ತರಿಸಿದರು, ಹೆಂಡತಿ ಬೆನ್ನು ನೀವಿದರು, ಬೆಳಗ್ಗೆ ನೋಡೋಣ ಅಂತ ಮಲಗಿದರು. ನಮ್ಮ ಬಾಗಿಲಿಗೆ ಬರುವ ಹೊತ್ತಿಗೆ ಹೃದಯದ ಒಂದು ಭಾಗ ಕೆಲಸ ನಿಲ್ಲಿಸಿ ಗಂಟೆಗಳೇ ಆಗಿರುತ್ತವೆ. ಇತ್ತ ನಮಗಿರುವ ನಿಯಮವೋ, ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅಂತ. ಹತ್ತು ನಿಮಿಷ ಅಂದರೆ ಬೇಕಾದಷ್ಟು ಅನ್ನಿಸುತ್ತೆ ಅಲ್ವಾ? ಶರ್ಟಿನ ಗುಂಡಿ ಬಿಚ್ಚಬೇಕು, ಒಳಗಿನ ಬನಿಯನ್ ಎತ್ತಬೇಕು, ಮೈಯೆಲ್ಲ ತಣ್ಣನೆ ಬೆವರು. ಎದೆಗೆ ಕಚ್ಚಿಸುವ ರಬ್ಬರ್ ಬಲ್ಬು ಬೆವರಿಗೆ ಜಾರಿ ಬೀಳುತ್ತದೆ. ಸಿಸ್ಟರ್ ಹತ್ತಿಯಿಂದ ಒರೆಸಿ ಮತ್ತೆ ಕಚ್ಚಿಸುತ್ತಾರೆ, ಮತ್ತೆ ಜಾರುತ್ತದೆ. ಹೊರಗೆ ಮಗ ಚೀಟಿ ಮಾಡಿಸಲು ಆಧಾರ್ ಹುಡುಕುತ್ತಿರುತ್ತಾನೆ. ಚೀಟಿ ಆಮೇಲೆ ಮಾಡಿಸಿ, ಮೊದಲು ಇಸಿಜಿ ಅಂತ ಬಾಗಿಲಲ್ಲಿ ನಿಂತು ಕೂಗುವುದೂ ನಮ್ಮ ಟ್ರೈನಿಂಗಿನ ಒಂದು ಭಾಗ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ನಾನು ಹೌಸ್ ಸರ್ಜನ್. ಆ ವಾರ ಬಂದ ಹುಡುಗರನ್ನು ನೋಡಬೇಕಿತ್ತು. ಜಿಮ್ ಮಾಡಿದ ಗಟ್ಟಿಮುಟ್ಟು ಹುಡುಗರು, ಎದೆ ಹಿಡಿದುಕೊಂಡು, ಅಪ್ಪುಗೇ ಹೀಗಾದರೆ ನಾವೆಲ್ಲಿ ಅಂತ ಸಾಲುಗಟ್ಟಿ ನಿಂತಿದ್ದರು. 2025ರ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸುದ್ದಿಗಳು ಟಿವಿಯಲ್ಲಿ ದಿನವಿಡೀ ಓಡಿದವು. ಆಗಲೂ ಅದೇ ಕಥೆ. ಜಯದೇವದ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ನಮ್ಮಲ್ಲಿ ಕೆಲವರು ಇವರನ್ನು ನೋಡಿ ಬೇಸರ ಪಡುತ್ತಾರೆ, ಸುಮ್ನೆ ಹೆದರಿಕೊಂಡು ಬಂದಿದ್ದಾರೆ ಅಂತ. ನನಗೆ ಹಾಗನ್ನಿಸುವುದಿಲ್ಲ. ಜೀರಿಗೆ ನೀರು ಕುಡಿದು ಮಲಗುವವರಿಗಿಂತ ಹೆದರಿಕೊಂಡು ಬರುವವರೇ ವಾಸಿ.

ಕಷ್ಟ ಇರುವುದು ಮೊದಲ ಇಸಿಜಿ ನಾರ್ಮಲ್ ಬಂದಾಗ. ಒಬ್ಬ ಕ್ಯಾಬ್ ಡ್ರೈವರ್, ಮೂವತ್ತು ದಾಟಿರಬೇಕು ಅಷ್ಟೇ. ಗಾಡಿಯನ್ನು ಗೇಟಿನ ಹೊರಗೆ ನೋ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಬಂದಿದ್ದ. ಎಡಗಡೆ ಭುಜ ಎಳೆಯುತ್ತಿದೆ, ಬೆಳಗಿಂದ ಒಂಥರಾ ಸಂಕಟ ಅಂದ. ಇಸಿಜಿಯಲ್ಲಿ ಏನೂ ಇಲ್ಲ. "ನಾರ್ಮಲ್ ಅಂದ್ರಲ್ಲ ಮೇಡಂ, ಹೊರಡ್ತೀನಿ. ಟೋ ಮಾಡ್ಕೊಂಡ್ ಹೋದ್ರೆ ಇವತ್ತಿನ ದುಡಿಮೆ ಎಲ್ಲ ಅದಕ್ಕೇ ಹೋಗುತ್ತೆ." ನ್ಯಾಯವಾದ ಮಾತೇ. ಆದರೆ ಹಾರ್ಟ್ ಅಟ್ಯಾಕಿನ ಶುರುವಿನಲ್ಲಿ ಇಸಿಜಿ ಎಷ್ಟೋ ಸಲ ನಾರ್ಮಲ್ ಇರುತ್ತದೆ. ಹೃದಯಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಟ್ರೋಪೋನಿನ್ ಏರುವುದಕ್ಕೂ ಹೊತ್ತು ಬೇಕು, ಅದಕ್ಕೇ ಮೂರು ಗಂಟೆ ಬಿಟ್ಟು ಇನ್ನೊಮ್ಮೆ ನೋಡುತ್ತೇವೆ. ಈ ಮೂರು ಗಂಟೆ ಅವನನ್ನು ಕೂರಿಸುವುದು ಹೇಗೆ? ಸೆಕ್ಯುರಿಟಿಯವರಿಗೆ ಹೇಳಿ ಗಾಡಿ ಒಳಗೆ ಹಾಕಿಸಿದೆವು. ಅದಾದ ಮೇಲೇ ಅವನು ಕಾಲು ಚಾಚಿ ಮಲಗಿದ್ದು. ಎರಡನೇ ಇಸಿಜಿಯಲ್ಲಿ ಗೆರೆಗಳು ಮೇಲೆದ್ದಿದ್ದವು. ಹೃದಯದ ರಕ್ತನಾಳದ ಅಡ್ಡಿ ತೆಗೆಯುವ ಕ್ಯಾತ್ ಲ್ಯಾಬಿಗೆ ನೇರವಾಗಿ ಹೋದ. ಗಾಡಿಯ ಕೀ ನಮ್ಮ ಸಿಸ್ಟರ್ ಹತ್ತಿರ ಉಳಿಯಿತು, ಸಂಜೆ ಅವನ ಭಾವ ಬಂದು ತೆಗೆದುಕೊಂಡು ಹೋದ. ಈ ಬ್ರಾಂಚಿನಲ್ಲಿ ಪಾರ್ಕಿಂಗ್ ವ್ಯವಸ್ಥೆಯೂ ಒಂದು ಚಿಕಿತ್ಸೆ ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹಾವು ಕಡಿದು ಬಂದವರ ವಿಷಯದಲ್ಲಿ ಈ ಕಾಯುವಿಕೆ ಇನ್ನೂ ವಿಚಿತ್ರ. ಬೆಂಗಳೂರಲ್ಲಿ ಹಾವಾ ಅಂತ ಕೇಳಬೇಡಿ. ಮಾಗಡಿ, ಕನಕಪುರ, ಚಿಂತಾಮಣಿ ಕಡೆಯಿಂದ ಬರುತ್ತಾರೆ. ಊರಂಚಿನ ಹೊಸ ಲೇಔಟ್‌ಗಳಿಂದಲೂ ಬರುತ್ತಾರೆ. ಜೊತೆಗೆ ಬಂದವರು ಒಮ್ಮೊಮ್ಮೆ ಪ್ಲಾಸ್ಟಿಕ್ ಡಬ್ಬದಲ್ಲಿ ಹಾವನ್ನೂ ತಂದು ಬಂದವರನ್ನು ವಿಂಗಡಿಸುವ ಟ್ರಯಾಜ್ ಟೇಬಲ್ ಮೇಲೆ ಇಡುತ್ತಾರೆ. ಮೊಬೈಲ್ ಬಂದ ಮೇಲೆ ಫೋಟೋ ತರುವವರು ಜಾಸ್ತಿಯಾಗಿದ್ದಾರೆ, ಪುಣ್ಯ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಕ್ಕೆ, ಕೊಳಕುಮಂಡಲ ಮತ್ತು ಗರಗಸ ಮಂಡಲದ ವಿಷ ರಕ್ತಕ್ಕೆ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕಡಿದದ್ದು ಯಾವ ಹಾವು ಅಂತ ಯಾರಿಗೂ ಗೊತ್ತಿಲ್ಲ ಅಂದರೂ ಇದನ್ನು ಪತ್ತೆ ಮಾಡಬಹುದು. ಅದಕ್ಕೆ ಬೇಕಾದದ್ದು ಒಂದು ಗಾಜಿನ ಟ್ಯೂಬ್ ಮತ್ತು ಒಂದು ಗಡಿಯಾರ.

ಟ್ಯೂಬ್ ಗಾಜಿನದ್ದೇ ಆಗಬೇಕು, ಪ್ಲಾಸ್ಟಿಕ್ ನಡೆಯದು. ಒಣಗಿರಬೇಕು. ಸೋಪಿನ ನೀರಲ್ಲಿ ತೊಳೆದದ್ದಾದರೆ ಪರೀಕ್ಷೆ ಕೆಡುತ್ತದೆ. ರೋಗಿಯ ತೋಳಿನಿಂದ ಎರಡು ಎಂಎಲ್ ರಕ್ತ ತೆಗೆದು ಅದಕ್ಕೆ ಬಿಡಬೇಕು. ಬಿಳಿ ಪ್ಲಾಸ್ಟರಿನ ಚೂರಿನ ಮೇಲೆ ಟೈಮ್ ಬರೆದು ಟ್ಯೂಬಿಗೆ ಅಂಟಿಸಿ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಕು. ಆಮೇಲೆ ಇಪ್ಪತ್ತು ನಿಮಿಷ ಅದನ್ನು ಮುಟ್ಟಬಾರದು. ಇಷ್ಟೇ. ಇಷ್ಟನ್ನು ಹೊಸ ಇಂಟರ್ನ್‌ಗಳ ಕೈಲಿ ಮಾಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ. ಐದು ನಿಮಿಷಕ್ಕೆ ಒಬ್ಬ ಬಂದು ಬೆರಳಿನಿಂದ ತಟ್ಟುತ್ತಾನೆ. ಎಂಟು ನಿಮಿಷಕ್ಕೆ ಇನ್ನೊಬ್ಬಳು ಸ್ವಲ್ಪವೇ ವಾಲಿಸಿ ನೋಡುತ್ತಾಳೆ. ರೋಗಿಯ ಅಣ್ಣ ಬಂದು, "ಏನ್ ಮೇಡಂ, ಬ್ಲಡ್ ತಗೊಂಡ್ರಿ, ಅಲ್ಲೇ ಇಟ್ಬಿಟ್ರಿ, ಲ್ಯಾಬಿಗೆ ಕಳಿಸಲ್ವಾ?" ಅಂತ ಗದರುತ್ತಾನೆ. ಇಪ್ಪತ್ತು ನಿಮಿಷ ಆದಮೇಲೆ ಒಂದೇ ಒಂದು ಸಲ ವಾಲಿಸಬೇಕು. ರಕ್ತ ಗಟ್ಟಿಯಾಗಿ ಅಲ್ಲೇ ಕೂತಿದ್ದರೆ ಸದ್ಯಕ್ಕೆ ನೆಮ್ಮದಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಬೇಕು. ಟ್ಯೂಬಿನ ಬಾಯಿಯತ್ತ ಹರಿದು ಬಂದರೆ ವಿಷ ಏರಿದೆ ಅಂತ ಲೆಕ್ಕ.

ಆಗ ಹಾವಿನ ವಿಷಕ್ಕೆ ಕೊಡುವ ಮದ್ದು, ಹತ್ತು ವಯಲ್ ಎಎಸ್‌ವಿ. ದೊಡ್ಡವರಿಗೂ ಅಷ್ಟೇ, ಮಗುವಿಗೂ ಅಷ್ಟೇ, ಹಾವೇನು ಮಗು ಅಂತ ಕಮ್ಮಿ ವಿಷ ಬಿಟ್ಟಿರುವುದಿಲ್ಲವಲ್ಲ. ಈ ಔಷಧಿ ಪುಡಿಯ ರೂಪದಲ್ಲಿ ಬರುತ್ತದೆ. ನೀರು ಸೇರಿಸಿ ಕುಲುಕಿದರೆ ನೊರೆ ಬರುತ್ತದೆ. ವಯಲನ್ನು ಎರಡು ಅಂಗೈ ನಡುವೆ ಇಟ್ಟು ಮೆಲ್ಲಗೆ ಹೊರಳಿಸುತ್ತಾ ಕರಗಿಸಬೇಕು. ಕಾಲಿಗೆ ಹಗ್ಗ ಬಿಗಿದು ಕರೆತಂದಿದ್ದರೆ ಅದನ್ನೂ ಬಾಗಿಲಲ್ಲೇ ಕತ್ತರಿಯಿಂದ ಕತ್ತರಿಸುವ ಹಾಗಿಲ್ಲ. ಕಟ್ಟು ಥಟ್ಟನೆ ಬಿಚ್ಚಿದರೆ ನಿಂತಿದ್ದ ವಿಷವೆಲ್ಲ ಒಮ್ಮೆಲೇ ಮೇಲೇರಬಹುದು. ರಕ್ತನಾಳಕ್ಕೆ ಲೈನ್ ಹಾಕಿ, ಔಷಧಿ ಸಿದ್ಧ ಮಾಡಿಕೊಂಡು, ಉಸಿರು ನಿಂತರೆ ಟ್ಯೂಬ್ ಹಾಕುವ ತಯಾರಿಯನ್ನೂ ಪಕ್ಕದಲ್ಲಿಟ್ಟುಕೊಂಡು ಆಮೇಲೆ ಬಿಚ್ಚಬೇಕು. ಅಷ್ಟು ಹೊತ್ತು ಮನೆಯವರ ಬೈಗುಳ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಟ್ಟುಹಾವಿನ ಕಥೆಯೇ ಬೇರೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ಆಮೇಲೆ ಕಣ್ಣಿನ ರೆಪ್ಪೆ ಜೋಲುತ್ತದೆ. ನೋಡಿದವರು ನಿದ್ದೆಗಣ್ಣು ಅಂದುಕೊಳ್ಳುತ್ತಾರೆ. ವೆಂಟಿಲೇಟರ್ ಮೇಲೆ ಹೋದವರ ಕಣ್ಣಿಗೆ ಟಾರ್ಚ್ ಬಿಟ್ಟರೂ ಪಾಪೆ ಕದಲದೇ ಇರಬಹುದು. ಕೈಕಾಲು ಆಡದು, ಕೆಮ್ಮೂ ಬರದು. ಗೊತ್ತಿಲ್ಲದವರು ಮೆದುಳು ಸತ್ತಿದೆ ಅಂದುಬಿಡುತ್ತಾರೆ. ಆದರೆ ಒಳಗಿರುವವರಿಗೆ ನಮ್ಮ ಮಾತೆಲ್ಲ ಕೇಳಿಸುತ್ತಿರುತ್ತದೆ. ದಿನಗಟ್ಟಲೆ ಉಸಿರು ಕೊಟ್ಟರೆ ಎದ್ದು ಕೂರುತ್ತಾರೆ. ಅದಕ್ಕೇ ನಮ್ಮ ಯುನಿಟ್‌ನಲ್ಲಿ ಹಾವು ಕಡಿದವರ ತಲೆದೆಸೆಯಲ್ಲಿ ನಿಂತು ಬಾಯಿಗೆ ಬಂದದ್ದು ಮಾತಾಡುವ ಹಾಗಿಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಫಾರಂ ತುಂಬುವುದು ತಲೆನೋವು ನಿಜ, ಆದರೆ ಲೆಕ್ಕ ಸಿಕ್ಕಿದ ಕಡೆಗೇ ವಯಲ್ ಬರುವುದು.

ಇನ್ನು ಔಷಧಿ ಕುಡಿದು ಬರುವವರು. ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು ಬಾಗಿಲಲ್ಲಿದ್ದಾಗಲೇ ವಾಸನೆಯಿಂದ ಗೊತ್ತಾಗುತ್ತದೆ. ಬಾಯಲ್ಲಿ ನೊರೆ, ಪಾಪೆ ಸೂಜಿಮೊನೆಯಷ್ಟು, ಶ್ವಾಸಕೋಶದಲ್ಲಿ ಗೊರಗೊರ. ಇಲ್ಲಿ ಕಾಯುವ ಮಾತೇ ಇಲ್ಲ. ಅದಕ್ಕೆ ಎದುರು ಮದ್ದಾದ ಅಟ್ರೋಪಿನ್ ಕೊಡಬೇಕು, ಐದೈದು ನಿಮಿಷಕ್ಕೆ ಇಮ್ಮಡಿ ಮಾಡುತ್ತಾ ಹೋಗಬೇಕು, ಎದೆ ತಿಳಿಯಾಗುವವರೆಗೆ. ನಮ್ಮಲ್ಲಿ ಸಿಗುವ ಆಂಪೂಲ್ 0.6 ಮಿಲಿಗ್ರಾಂನದ್ದು. ಐದು ಆಂಪೂಲ್, ಆಮೇಲೆ ಹತ್ತು, ಆಮೇಲೆ ಇಪ್ಪತ್ತು, ನಲವತ್ತು. ಅದಕ್ಕೆ ಅಂತಲೇ ಇಬ್ಬರು ಇಂಟರ್ನ್‌ಗಳನ್ನು ಟೇಬಲ್ ಮುಂದೆ ನಿಲ್ಲಿಸುತ್ತೇವೆ. ಟಕ್ ಟಕ್ ಅಂತ ಗಾಜಿನ ಆಂಪೂಲಿನ ಕತ್ತು ಮುರಿಯುವುದು, ಸಿರಿಂಜಿಗೆ ಎಳೆಯುವುದು, ಅಷ್ಟೇ ಕೆಲಸ. ಬೆರಳ ತುದಿಯಲ್ಲಿ ಗಾಜಿನ ಸಣ್ಣ ಗೀರು ಬೀಳುತ್ತದೆ. ಸ್ಯಾನಿಟೈಸರ್ ಹಚ್ಚಿದಾಗ ಉರಿಯುತ್ತದೆ, ಆಗಲೇ ಗೊತ್ತಾಗುವುದು ಎಲ್ಲೆಲ್ಲಿ ಕುಯ್ದಿದೆ ಅಂತ.

ನನಗೆ ಇದಕ್ಕಿಂತ ಭಯ ಇಲಿ ಪಾಷಾಣದ್ದು. ಹಳದಿ ರಂಜಕ ಇರುವ ಪೇಸ್ಟ್ ತಿಂದವರು ಮೊದಲ ದಿನ ಚೆನ್ನಾಗಿಯೇ ಇರುತ್ತಾರೆ. ಒಂದೆರಡು ವಾಂತಿ, ಅಷ್ಟೇ. ಬಿಪಿ ಸರಿ, ರಕ್ತ ಪರೀಕ್ಷೆ ಸರಿ. ಕಾಲೇಜು ಹುಡುಗಿ, ಅಮ್ಮನ ಜೊತೆ ಏನೋ ಮಾತಿಗೆ ಮಾತು ಬೆಳೆದಿದ್ದು. ಈಗ ಅವಳಿಗೇ ನಾಚಿಕೆ, ಮನೆಗೆ ಹೋಗಬೇಕು ಅನ್ನುತ್ತಿದ್ದಾಳೆ. ಅಪ್ಪನಿಗೆ ಪೊಲೀಸ್ ಕೇಸ್ ಆಗುತ್ತಲ್ಲ ಅನ್ನುವ ಚಿಂತೆ. "ವಾಂತಿ ಮಾಡಿಸಿದ್ದೀವಿ ಮೇಡಂ, ಎಲ್ಲ ಹೋಯ್ತು. ಬರೆದುಕೊಡ್ತೀವಿ, ನಮ್ಮ ಜವಾಬ್ದಾರಿ ಮೇಲೆ ಕರ್ಕೊಂಡ್ ಹೋಗ್ತೀವಿ." ಮೂರನೇ ದಿನದ ಹೊತ್ತಿಗೆ ಲಿವರ್ ಕೈಕೊಡಲು ಶುರುವಾಗುತ್ತದೆ ಅನ್ನುವುದನ್ನು ಅವರಿಗೆ ನಂಬಿಸುವುದು ಹೇಗೆ? ಎದುರಿಗೆ ಮಗಳು ಬಿಸ್ಕತ್ತು ತಿನ್ನುತ್ತಾ ಕೂತಿದ್ದಾಳೆ. ಇದಕ್ಕೆ ನೇರವಾದ ಮದ್ದೂ ಇಲ್ಲ. ಇಂಥ ಹೊತ್ತಲ್ಲಿ ಭಾಷಣ ನಡೆಯುವುದಿಲ್ಲ. ಅಪ್ಪನನ್ನು ಪಕ್ಕಕ್ಕೆ ಕರೆದು, ಕೇಸಿನ ವಿಷಯ ಮೊದಲು ಬಗೆಹರಿಸಬೇಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಹೀಗೆ ಮಾಡಿಕೊಂಡವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡುವ ಹಾಗಿಲ್ಲ ಅಂತ ತಿಳಿಸಬೇಕು. ಆಗ ಅವರ ಭುಜ ಸ್ವಲ್ಪ ಇಳಿಯುತ್ತದೆ. ಲಿವರ್ ಬಗ್ಗೆ ಕೇಳಿಸಿಕೊಳ್ಳುವುದು ಆಮೇಲೆ. ಡಿಸ್ಚಾರ್ಜ್ ಚೀಟಿಯ ಕೆಳಗೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನಾನು ಕೈಯಲ್ಲೇ ದೊಡ್ಡದಾಗಿ ಬರೆಯುತ್ತೇನೆ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಇದನ್ನು ಓದುತ್ತಿರುವವರೂ ಬರೆದಿಟ್ಟುಕೊಳ್ಳಿ.

ಆಕ್ಸಿಡೆಂಟ್ ಕೇಸುಗಳ ಬಗ್ಗೆ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ. ಗಾಯಾಳುವನ್ನು ಕರೆತಂದ ಆಟೋದವರು ಮಾತ್ರ ಇಂದಿಗೂ ಹೆಸರು ಹೇಳದೆ ಓಡುತ್ತಾರೆ. ಅವರ ಭಯಕ್ಕೆ ಹಳೆಯ ಕಾರಣವಿದೆ. 1989ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪರಮಾನಂದ ಕಟಾರಾ ಪ್ರಕರಣದಲ್ಲಿ, ಕಾರು ಗುದ್ದಿದ ಸ್ಕೂಟರ್ ಸವಾರನನ್ನು ಒಂದು ಆಸ್ಪತ್ರೆ ಸೇರಿಸಿಕೊಳ್ಳಲಿಲ್ಲ. ಇಂಥ ಕೇಸ್ ನೋಡುವ ಆಸ್ಪತ್ರೆ 20 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಗೆ ಹೋಗಿ ಅಂದಿತು. ಆತ ದಾರಿಯಲ್ಲೇ ತೀರಿಕೊಂಡ. ಮೊದಲು ಜೀವ, ಪೊಲೀಸ್ ಕಾಗದ ಆಮೇಲೆ ಅಂತ ಕೋರ್ಟ್ ಹೇಳಿತು. 2016ರಲ್ಲಿ ನೆಲಮಂಗಲದ ಹತ್ತಿರ ಹರೀಶ್ ಅನ್ನುವ ಯುವಕ ಲಾರಿಗೆ ಸಿಕ್ಕಿ, ಆ ಸ್ಥಿತಿಯಲ್ಲೂ ಅಂಗದಾನದ ಮಾತಾಡಿದ್ದು ನೆನಪಿರಬಹುದು. ಅವರ ಹೆಸರಲ್ಲೇ ಸರ್ಕಾರ ಸಾಂತ್ವನ ಯೋಜನೆ ತಂದಿತು, ಅಪಘಾತವಾದ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ. ಆಮೇಲೆ ನೆರವಿಗೆ ಬಂದವರನ್ನು ಕಾಪಾಡುವ ಕಾಯ್ದೆಯನ್ನೂ ಮಾಡಿತು. ಆಟೋ ಅಣ್ಣನಿಗೆ ಇದನ್ನೆಲ್ಲ ಹೇಳಲು ಹೊರಗೆ ಬರುವಷ್ಟರಲ್ಲಿ ಅವನು ಸಿಗ್ನಲ್ ದಾಟಿರುತ್ತಾನೆ.

ಒಳಗೆ ಬಂದವರಿಗೆ ಹೊಟ್ಟೆಯ ಮೇಲೆ ಸ್ಕ್ಯಾನ್ ಪ್ರೋಬ್ ಇಟ್ಟು ನೋಡುತ್ತೇವೆ. ಲಿವರ್ ಮತ್ತು ಕಿಡ್ನಿ ನಡುವೆ, ಕಣ್ಣಿಗೆ ಕಾಡಿಗೆ ಎಳೆದಷ್ಟು ತೆಳ್ಳಗೆ ಒಂದು ಕಪ್ಪು ಗೆರೆ ಕಂಡರೆ ಒಳಗೆ ರಕ್ತ ಸೋರುತ್ತಿದೆ ಅಂತ. ಕಾಣದಿದ್ದರೆ? ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಬೇಕು. ಮೊದಲ ಸಲ ಕಾಣದ್ದು ಎರಡನೇ ಸಲ ಕಾಣಬಹುದು. ಶನಿವಾರ ರಾತ್ರಿ ಬೈಕಿಂದ ಬಿದ್ದು, ಬ್ರಾಂದಿ ವಾಸನೆ ಹೊಡೆಯುತ್ತಾ, ನಮ್ಮ ಅಮ್ಮ ಅಕ್ಕನನ್ನೆಲ್ಲ ಬೈಯುತ್ತಾ ಮಲಗುವವನ ಕಥೆಯೂ ಇದೇ. ಕುಡಿದಿದ್ದಾನೆ, ಮಲಗಲಿ ಬಿಡು ಅನ್ನಿಸುತ್ತದೆ. ಕುಡಿದವನ ತಲೆಯೊಳಗೂ ರಕ್ತ ಸೋರುತ್ತದೆ. ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಬೇಕು, ಅವನು ಬೈಯಬೇಕು. ಬೈಗುಳ ನಿಂತರೆ ನಮಗೆ ಕೈಕಾಲು ನಡುಗುತ್ತದೆ. ಬೇಗ ಸಿಟಿ ಸ್ಕ್ಯಾನ್, ಬೇಗ ನ್ಯೂರೋಸರ್ಜನ್. ತಲೆಗೆ ಪೆಟ್ಟು ಅಂದರೆ ನಿಮ್ಹಾನ್ಸ್ ಅನ್ನುವ ಅಭ್ಯಾಸ ಈ ಊರಿಗಿದೆ. ಆದರೆ ಉಸಿರಿನ ದಾರಿ ಭದ್ರ ಮಾಡದೆ ಕಳಿಸಿದರೆ ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲೇ ಎಲ್ಲ ಮುಗಿದುಹೋಗಬಹುದು.

ಹೊರಗೆ ನಿಂತವರ ಬಗ್ಗೆ ಹೇಳಲೇಬೇಕು. ನಾವು ಒಳಗೆ ಕಾಯುತ್ತೇವೆ, ಆದರೆ ನಮಗೆ ಮಾನಿಟರ್ ಕಾಣುತ್ತಿರುತ್ತದೆ. ಅವರಿಗೆ ಕಾಣುವುದು ಮುಚ್ಚಿದ ಬಾಗಿಲು. ಡಾಕ್ಟರುಗಳ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದಲೂ ಕಾಯ್ದೆ ಇದೆ. ಆದರೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಪಿಜಿಯನ್ನು ಅತ್ಯಾಚಾರ ಮಾಡಿ ಕೊಂದ ಸುದ್ದಿ ಬಂದಾಗ ನಾವೆಲ್ಲ ಅಪ್ರಾನ್ ಹಾಕಿಕೊಂಡು ಬೀದಿಗೆ ಇಳಿಯಬೇಕಾಯಿತು. ಅದಾದ ಮೇಲೆ ಎಲ್ಲ ಕಡೆ ಸಿಸಿಟಿವಿ ಬಂತು, ಸೆಕ್ಯುರಿಟಿ ಹೆಚ್ಚಾಯಿತು. ಬೇಕಿತ್ತು. ಹುಡುಗಿಯರಿಗೆ ಬಾಗಿಲಿಗೆ ಚಿಲಕ ಇರುವ ಡ್ಯೂಟಿ ರೂಮ್ ಅನ್ನುವುದು ಕೇಳಿ ಪಡೆಯಬೇಕಾದ ವಸ್ತುವೇ ಆಗಬಾರದಿತ್ತು. ಆದರೆ ಕ್ಯಾಶುವಾಲ್ಟಿ ಬಾಗಿಲಿನ ಜಗಳಗಳನ್ನು ಬೌನ್ಸರ್‌ಗಳಿಂದ ನಿಲ್ಲಿಸಬಹುದು ಅನ್ನುವ ವಾದ ನಾನು ಒಪ್ಪುವುದಿಲ್ಲ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಶುರುವಾದದ್ದು ಯಾರೂ ಏನೂ ಹೇಳದೆ ಬಿಟ್ಟಾಗ. ಹೇಳಲು ಏನೂ ಇಲ್ಲದಿದ್ದರೂ ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ, "ಇನ್ನೂ ರಿಪೋರ್ಟ್ ಬಂದಿಲ್ಲ, ನಾನು ಇಲ್ಲೇ ಇದ್ದೀನಿ" ಅಂದರೆ ಅರ್ಧ ಸಿಟ್ಟು ಇಳಿಯುತ್ತದೆ. ಆ ಮಾತನ್ನು ಸ್ಟ್ರೆಚರ್ ಪಕ್ಕ ನಿಂತು ಅಲ್ಲ, ಅವರನ್ನು ಕೂರಿಸಿ ಹೇಳಬೇಕು. ಹಿರಿಯರಿದ್ದರೆ ಅಪ್ಪಾಜಿ, ಅಜ್ಜಿ ಅಂತ ಕರೆದು ಹೇಳಬೇಕು. ಅಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಅಜ್ಜಿ, "ಸರಿ ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ?" ಅಂತ ಕೇಳುತ್ತಾರೆ. ಅದಕ್ಕೆ ನಾನೀಗ ತಲೆ ಕೆಡಿಸಿಕೊಳ್ಳುವುದಿಲ್ಲ.

ಈ ಕೆಲಸದಲ್ಲಿ ಒಂದು ಕೊರಗು ಇದ್ದೇ ಇದೆ. ಕಥೆಯ ಕೊನೆ ನಮಗೆ ಸಿಗುವುದಿಲ್ಲ. ರೋಗಿ ಐಸಿಯುಗೋ ಓಟಿಗೋ ಹೋದರೆ ನಮ್ಮ ಬೆಡ್ ಖಾಲಿ, ಮುಂದಿನವರು ಬಂದಾಯಿತು. ನಾನು ಕೆಲವರ ಐಪಿ ನಂಬರನ್ನು, ಅಂದರೆ ಅಡ್ಮಿಷನ್ ನಂಬರನ್ನು, ಅಪ್ರಾನ್ ಜೇಬಿನ ಚೀಟಿಯಲ್ಲಿ ಬರೆದಿಟ್ಟುಕೊಂಡು, ಬಿಡುವಾದಾಗ ಕಂಪ್ಯೂಟರಿನಲ್ಲಿ ಹುಡುಕುತ್ತೇನೆ. ಡಿಸ್ಚಾರ್ಜ್ ಅಂತ ಇದ್ದರೆ ಕ್ಯಾಂಟೀನಿಗೆ ಹೋಗಿ ಒಂದು ಕಾಫಿ. ಬೇರೇನಾದರೂ ಬರೆದಿದ್ದರೂ ಕಾಫಿಯೇ, ಆದರೆ ಒಬ್ಬಳೇ. ಒಮ್ಮೊಮ್ಮೆ ಚೀಟಿ ಅಪ್ರಾನ್ ಜೊತೆ ವಾಷಿಂಗ್ ಮೆಷಿನ್ನಿಗೆ ಹೋಗಿಬಿಡುತ್ತದೆ.

ಪಿಜಿಗಳು ಈಗ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕು. ಹೋಗುವಾಗ ಗೊಣಗಿಕೊಂಡೇ ಹೋದೆ. ಅಲ್ಲಿ ಹೋದ ಮೇಲೆ ನಮ್ಮ ಬೆಂಗಳೂರಿನ ಬಾಗಿಲಿಗೆ ತಡವಾಗಿ ಬರುವವರು ಎಲ್ಲೆಲ್ಲಿ ತಡವಾಗುತ್ತಾರೆ ಅಂತ ಕಣ್ಣಾರೆ ಕಂಡೆ. ಬಸ್ಸಿಗೆ ಕಾದು, ದುಡ್ಡು ಹೊಂದಿಸಿ, ಊರಿನ ತಿಳಿದವರನ್ನು ಕೇಳಿ, ಕೊನೆಗೆ ಹತ್ತಿರದ ಆಸ್ಪತ್ರೆ ಬಿಟ್ಟು ದೊಡ್ಡಾಸ್ಪತ್ರೆಗೇ ಹೋಗೋಣ ಅಂತ ಹೊರಟಿರುತ್ತಾರೆ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೂ, ಅಪ್ಪು ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಇಸಿಜಿ ತೆಗೆದು ಜಯದೇವದಂಥ ಕಡೆ ಕೂತವರಿಗೆ ತೋರಿಸಿ, ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಪುಕ್ಕಟೆ ಕೊಡುತ್ತಾರೆ. ಬೆಂಗಳೂರಿಗೆ ಬಂದು ಕ್ಯಾತ್ ಲ್ಯಾಬ್ ನೋಡುವಷ್ಟರಲ್ಲಿ ಆಗುವ ನಷ್ಟವನ್ನು ಆ ಒಂದು ಇಂಜೆಕ್ಷನ್ ತಡೆಯಬಲ್ಲದು. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ, ಮನೆಯವರಿಗಂತೂ ಬೇಜಾರು ಬರುವಷ್ಟು.

ಮೊನ್ನೆ ಅರಸೀಕೆರೆ ಹತ್ತಿರದ ನಮ್ಮೂರಿನಿಂದ ಸೋದರಮಾವ ಫೋನ್ ಮಾಡಿದ. ತೋಟದಿಂದ ಬಂದಾಗಿನಿಂದ ಎದೆಯಲ್ಲಿ ಒಂಥರಾ ಹಿಂಡಿದಂಗೆ ಆಗುತ್ತಿದೆಯಂತೆ. ಕಾರು ಹೇಳಿಯಾಗಿದೆ, ಬೆಂಗಳೂರಿಗೆ ನಿನ್ನ ಹತ್ತಿರವೇ ಹೊರಟಿದ್ದೀನಿ ಅಂದ. ಮೂರೂವರೆ ಗಂಟೆ ದಾರಿ, ಗೊರಗುಂಟೆಪಾಳ್ಯದ ಸಿಗ್ನಲ್ ಬೇರೆ. ಬರಬೇಡ, ಈಗಲೇ ತಾಲ್ಲೂಕು ಆಸ್ಪತ್ರೆಗೆ ಹೋಗು ಅಂದೆ. "ಅಲ್ಲ ಕಣವ್ವ, ಡಾಕ್ಟ್ರನ್ನ ಮನೇಲೇ ಇಟ್ಕೊಂಡು ನಾನ್ ಹೋಗಿ ತಾಲ್ಲೂಕಾಸ್ಪತ್ರೆ ಬಾಗ್ಲಲ್ಲಿ ನಿಂತ್ಕೊಳ್ಳೋದಾ?" ಅಂತ ಒಂದೇ ಸಮ ವಾದ. ಅತ್ತೆಗೆ ಫೋನ್ ಕೊಡಿಸಿ, ಗದರಿಸಿ, ಕಳಿಸಿದೆ. ಮುಕ್ಕಾಲು ಗಂಟೆಯಲ್ಲಿ ಮತ್ತೆ ಫೋನ್ ಬಂತು. ಇಸಿಜಿ ನಾರ್ಮಲ್ ಅಂತೆ, ಆದರೂ ಇನ್ನೊಂದು ತೆಗೆಯಬೇಕು ಅಂತ ಕೂರಿಸಿಕೊಂಡಿದ್ದಾರಂತೆ, ಬಿಡುತ್ತಲೇ ಇಲ್ಲವಂತೆ. "ನೀನೂ ಡಾಕ್ಟ್ರಲ್ವಾ, ಒಂದ್ ಮಾತ್ ಹೇಳು ಇವ್ರಿಗೆ." ಫೋನ್ ಅವರ ಕೈಗೆ ಕೊಡು ಅಂದೆ. ಆ ಕಡೆ ಯಾರೋ ಹುಡುಗನ ದನಿ, ಸುಸ್ತಾಗಿತ್ತು, ಡ್ಯೂಟಿ ಮುಗಿಯುವ ಹೊತ್ತೇನೋ. "ಸರ್, ಅವರು ಏನೇ ಹೇಳಲಿ, ಎರಡನೇ ಇಸಿಜಿ ಆಗೋವರೆಗೂ ಬಿಡಬೇಡಿ" ಅಂತ ಕೇಳಿಕೊಂಡೆ. ಎರಡನೆಯದೂ ನಾರ್ಮಲ್ ಬಂತು, ಟ್ರೋಪೋನಿನ್ನೂ ಸರಿ ಇತ್ತು. ಮಾವ ಮಾತ್ರ ಊರಲ್ಲೆಲ್ಲ, ಅಕ್ಕನ ಮಗಳು ಡಾಕ್ಟ್ರಾಗಿ ಏನು ಪ್ರಯೋಜನ, ಬೆಂಚಿನ ಮೇಲೆ ಮೂರು ಗಂಟೆ ಕೂರಿಸಿದಳು ಅಂತ ಹೇಳಿಕೊಂಡು ತಿರುಗುತ್ತಿದ್ದಾನೆ.